ಎರಡು ನೋಡ್‌ಗಳ ಲಿನಕ್ಸ್ ಕ್ಲಸ್ಟರನ್ನು ಎನ್‌ಎಫ್‌ಎಸ್ ಸೇವೆಗೆ ಅಣಿಗೊಳಿಸುವ ಕ್ರಮ

ಜಾಲದ ಮೂಲಕ ಕಡತಗಳನ್ನು ಹಂಚುವ ಎನ್‌ಎಫ್‌ಎಸ್ ಸರ್ವರ್ ಒಂದೇ ಇದ್ದು ಅದು ನಿಂತುಹೋದರೆ, ಅದನ್ನು ಮೌಂಟ್ ಮಾಡಿಕೊಂಡ (ತಮ್ಮ ಡೈರೆಕ್ಟರಿಯಂತೆ ಜೋಡಿಸಿಕೊಂಡ) ಯಂತ್ರಗಳೆಲ್ಲ ಅದು ಮರಳುವವರೆಗೆ ಕಾಯಬೇಕಾಗುತ್ತದೆ. ಯಂತ್ರಗಳ ನಡುವಿನ ಸಂಪರ್ಕ ನೋಡಿಕೊಳ್ಳುವ ಕೊರೋಸಿಂಕ್ ಮತ್ತು ಸೇವೆಗಳನ್ನು ಆರಂಭಿಸಿ ಸರಿಸುವ ಪೇಸ್‌ಮೇಕರ್ ಬಳಸಿ ಎರಡು ನೋಡ್‌ಗಳನ್ನು (ಸರ್ವರ್ ಯಂತ್ರಗಳನ್ನು) ಒಂದು ಕ್ಲಸ್ಟರ್ ಆಗಿ ಜೋಡಿಸಿದರೆ ಈ ತೊಂದರೆ ತಪ್ಪುತ್ತದೆ. ಇವುಗಳ ಸ್ಥಾಪನೆ ಕಷ್ಟವಲ್ಲ. ಸೇವೆ ಒಂದು ನೋಡ್‌ನಿಂದ ಇನ್ನೊಂದಕ್ಕೆ ಸರಿದಾಗ ಕ್ಲೈಂಟ್‌ಗಳ (ಕಡತಗಳನ್ನು ಬಳಸುವ ಯಂತ್ರಗಳ) ಕೆಲಸ ಮುರಿಯದಂತೆ ನೋಡಿಕೊಳ್ಳುವುದೇ ಕಷ್ಟದ ಭಾಗ.

ಮೊದಲು ಎರಡೂ ನೋಡ್‌ಗಳ ಹೋಸ್ಟ್ಸ್ ಕಡತದಲ್ಲಿ ಪರಸ್ಪರರ ಹೆಸರು ಮತ್ತು ಐಪಿ ವಿಳಾಸಗಳನ್ನು ಬರೆದು, ಕ್ರೋನಿಯ ಮೂಲಕ ಗಡಿಯಾರಗಳನ್ನು ಹೊಂದಿಸಿರಿ. ಸಾಮಾನ್ಯ ಭದ್ರತಾ ವಿಧಾನದಲ್ಲಿ ಅನುಮತಿಯ ಪರಿಶೀಲನೆ ಬಳಕೆದಾರರ ಸಂಖ್ಯೆಯನ್ನು ಆಧರಿಸಿ ನಡೆಯುವುದರಿಂದ, ಯೂಸರ್ ಐಡಿ ಮತ್ತು ಗ್ರೂಪ್ ಐಡಿಗಳು ಎಲ್ಲ ಯಂತ್ರಗಳಲ್ಲೂ ಒಂದೇ ಇರಬೇಕು. ಎನ್‌ಎಫ್‌ಎಸ್ 4ನೇ ಆವೃತ್ತಿಗೆ ಫೈರ್‌ವಾಲ್‌ನಲ್ಲಿ ಟಿಸಿಪಿ 2049 ಪೋರ್ಟ್ ತೆರೆದರೆ ಸಾಕು.

ದತ್ತಾಂಶವನ್ನು ಡಿಆರ್‌ಬಿಡಿಯ (ಒಂದು ನೋಡ್‌ನ ಡಿಸ್ಕನ್ನು ಜಾಲದ ಮೂಲಕ ಇನ್ನೊಂದಕ್ಕೆ ನಕಲಿಸುತ್ತಿರುವ ತಂತ್ರಾಂಶದ) ಮೂಲಕ ಎರಡೂ ಕಡೆ ಇರಿಸುವುದಾದರೆ ಪ್ರೋಟೋಕಾಲ್ ಸಿ ಆಯ್ದುಕೊಳ್ಳಿರಿ; ಇದರಲ್ಲಿ ಬರಹವು ಎರಡೂ ಡಿಸ್ಕ್‌ಗಳನ್ನು ತಲುಪಿದ ಮೇಲೆಯೇ ಪೂರ್ಣಗೊಂಡಂತೆ ಎಣಿಕೆಯಾಗುತ್ತದೆ. ಇದರಷ್ಟೇ ಮುಖ್ಯವಾದದ್ದು ಫೆನ್ಸಿಂಗ್, ಅಂದರೆ ಸಂಪರ್ಕ ತಪ್ಪಿದ ನೋಡನ್ನು ಬಲವಂತವಾಗಿ ಹೊರಗಿಡುವುದು. ನೋಡ್‌ಗಳ ನಡುವಿನ ಸಂಪರ್ಕ ಕಡಿದಾಗ, ಎದುರಿನದು ಸತ್ತಿದೆಯೆಂದು ಎರಡೂ ಭಾವಿಸಿ, ಎರಡೂ ಪ್ರೈಮರಿಗಳಾಗಿ (ಬರೆಯುವ ಹಕ್ಕಿನ ಮುಖ್ಯ ಪ್ರತಿಗಳಾಗಿ) ಬೇರೆ ಬೇರೆ ಬರಹಗಳನ್ನು ಸ್ವೀಕರಿಸುವ ಅಪಾಯವಿದೆ; ಹಾಗಾದ ಮೇಲೆ ಒಂದು ಬದಿಯ ಬದಲಾವಣೆಗಳನ್ನು ಸಾಮಾನ್ಯವಾಗಿ ಕೈಬಿಡಬೇಕಾಗುತ್ತದೆ. ಯಂತ್ರವನ್ನು ದೂರದಿಂದ ನಿಯಂತ್ರಿಸುವ ಐಪಿಎಂಐನಂಥ ಸಾಧನದಿಂದ ಎದುರಿನ ನೋಡ್‌ನ ವಿದ್ಯುತ್ತನ್ನು ಖಚಿತವಾಗಿ ಕಡಿಯುವ ವ್ಯವಸ್ಥೆಯಿಲ್ಲದೆ ಇಂಥ ಕ್ಲಸ್ಟರನ್ನು ಬಳಕೆಗೆ ಬಿಡಲೇಬಾರದು. ಪರೀಕ್ಷೆಯ ಅನುಕೂಲಕ್ಕೆಂದು ಸ್ಟೋನಿತ್ (ಪೇಸ್‌ಮೇಕರ್‌ನ ಫೆನ್ಸಿಂಗ್) ಆಯ್ಕೆಯನ್ನು ನಿಷ್ಕ್ರಿಯಗೊಳಿಸಿದ್ದರೆ ಮರೆಯದೆ ಮರಳಿ ಸಕ್ರಿಯಗೊಳಿಸಿರಿ.

ಎನ್‌ಎಫ್‌ಎಸ್ ಸೇವೆ ಯಂತ್ರದೊಂದಿಗೆ ತಾನಾಗಿ ಆರಂಭವಾಗದಂತೆ, ಲಿನಕ್ಸ್‌ನ ಸೇವೆಗಳನ್ನು ನಿರ್ವಹಿಸುವ ಸಿಸ್ಟಮ್‌ಡಿಯಲ್ಲಿ ತಡೆದು, ಆ ಹೊಣೆಯನ್ನು ಪೇಸ್‌ಮೇಕರ್‌ಗೇ ಬಿಡಬೇಕು. ಹಂಚುವ ಡೈರೆಕ್ಟರಿಗಳನ್ನು ಎಕ್ಸ್‌ಪೋರ್ಟ್ಸ್ ಕಡತದ ಬದಲು ಕ್ಲಸ್ಟರ್ ಸಂಪನ್ಮೂಲಗಳಾಗಿ ಘೋಷಿಸಿ, ಪ್ರತಿಯೊಂದಕ್ಕೂ ಪ್ರತ್ಯೇಕವಾದ, ಆದರೆ ಎರಡೂ ನೋಡ್‌ಗಳಲ್ಲಿ ಬದಲಾಗದ ಎಫ್‌ಎಸ್‌ಐಡಿಯನ್ನು (ಹಂಚಿಕೆಯ ಗುರುತಿನ ಸಂಖ್ಯೆಯನ್ನು) ಕೊಡಿರಿ. ಈ ಸಂಖ್ಯೆ ವ್ಯತ್ಯಾಸವಾದರೆ, ಸೇವೆ ಸರಿದೊಡನೆ ಕ್ಲೈಂಟ್‌ಗಳಲ್ಲಿ ಸ್ಟೇಲ್ ಫೈಲ್ ಹ್ಯಾಂಡಲ್ (ಕಡತದ ಹಳೆಯ ಗುರುತು ಇನ್ನು ಸಲ್ಲದು ಎಂಬ) ದೋಷ ಕಾಣಿಸಿಕೊಳ್ಳುತ್ತದೆ. ಕ್ಲೈಂಟ್‌ಗಳ ಸ್ಥಿತಿಯನ್ನು ದಾಖಲಿಸುವ ಎನ್‌ಎಫ್‌ಎಸ್ ಡೈರೆಕ್ಟರಿಯೂ ಡಿಆರ್‌ಬಿಡಿಯ ಮೇಲೆಯೇ ಇರಬೇಕು. ಇಲ್ಲವಾದರೆ ಹೊಸ ನೋಡ್‌ಗೆ ಹಿಂದಿನ ಲಾಕ್‌ಗಳ (ಕಡತಗಳ ಮೇಲೆ ಕ್ಲೈಂಟ್‌ಗಳು ಹಾಕಿದ ಬೀಗಗಳ) ಹಕ್ಕುದಾರರು ಯಾರೆಂದು ತಿಳಿಯುವುದಿಲ್ಲ.

ಸಂಪನ್ಮೂಲಗಳು ಡಿಆರ್‌ಬಿಡಿ, ಫೈಲ್‌ಸಿಸ್ಟಮ್, ಎನ್‌ಎಫ್‌ಎಸ್ ಸರ್ವರ್, ಎಕ್ಸ್‌ಪೋರ್ಟ್, ಕೊನೆಗೆ ತೇಲುವ ಐಪಿ ವಿಳಾಸ (ಸೇವೆಯೊಂದಿಗೆ ನೋಡ್‌ನಿಂದ ನೋಡ್‌ಗೆ ಸರಿಯುವ ವಿಳಾಸ) ಎಂಬ ಕ್ರಮದಲ್ಲಿ ಏಳಬೇಕು. ಐಪಿ ವಿಳಾಸ ಮೊದಲೇ ಎದ್ದರೆ, ಸೇವೆ ಇನ್ನೂ ಸಿದ್ಧವಾಗಿರದ ನೋಡ್‌ಗೆ ಕೋರಿಕೆಗಳು ಬಂದು ತಿರಸ್ಕೃತವಾಗುತ್ತವೆ.

ಕ್ಲೈಂಟ್‌ಗಳಲ್ಲಿ ಈ ವಿಳಾಸವನ್ನೇ ಬಳಸಿ, ಸರ್ವರ್ ಉತ್ತರಿಸುವವರೆಗೆ ಕೋರಿಕೆಯನ್ನು ಬಿಡದೆ ಮರುಕಳಿಸುವ ಹಾರ್ಡ್ ಆಯ್ಕೆಯೊಂದಿಗೆ ಮೌಂಟ್ ಮಾಡಿರಿ. ಬಳಿಕ ದೊಡ್ಡ ಕಡತವೊಂದರ ನಕಲು ನಡೆಯುತ್ತಿರುವಾಗಲೇ ಸಕ್ರಿಯ ನೋಡ್‌ನ ವಿದ್ಯುತ್ ಸಂಪರ್ಕ ತೆಗೆಯಿರಿ. ಗ್ರೇಸ್ ಅವಧಿ (ಹಳೆಯ ಲಾಕ್‌ಗಳನ್ನು ಮರಳಿ ಪಡೆಯಲು ಹೊಸ ನೋಡ್ ಕ್ಲೈಂಟ್‌ಗಳಿಗೆ ಕೊಡುವ ಸಮಯ) ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 90 ಸೆಕೆಂಡುಗಳಾದ್ದರಿಂದ ನಕಲು ಕೆಲಹೊತ್ತು ನಿಲ್ಲುವುದು ಸಹಜ. ಅದು ತಾನಾಗಿ ಮುಂದುವರಿದು ಮುಗಿದ ಮೇಲೆ ಮೂಲ ಮತ್ತು ನಕಲುಗಳ ಚೆಕ್‌ಸಮ್ (ಕಡತದ ಒಳವಸ್ತುವಿನಿಂದ ಲೆಕ್ಕಹಾಕಿದ ಸಂಖ್ಯೆ) ಹೋಲಿಸಿ ನೋಡಿರಿ.