ಕಥೆಯೊಳಗಿನ ಮನೆ ಯಾರ ಮನೆ?

ನಾನು ಓದಿದ ಕಾದಂಬರಿಗಳಲ್ಲಿ ಮುಕ್ಕಾಲು ಪಾಲು ನಡೆದಿರುವುದು ಒಂದೇ ಮನೆಯಲ್ಲಿ. ಅದು ಪಾಂಡವಪುರದ ಹತ್ತಿರ ಇದ್ದ ನಮ್ಮ ಅಜ್ಜಿಯ ಹಂಚಿನ ಮನೆ. ಬರೆದವರು ಬಂಗಾಳದವರಾಗಲಿ, ರಷ್ಯಾದವರಾಗಲಿ, ಪಾತ್ರಗಳು ಬಂದು ಕೂರುವುದು ಅದೇ ಜಗಲಿಯ ಮೇಲೆ. ಹೊಸಿಲು ದಾಟಿದರೆ ನಡುಮನೆ, ಎಡಕ್ಕೆ ಅಡುಗೆಮನೆ, ಹಿಂದೆ ಹಿತ್ತಿಲು. ಲೇಖಕರು ಮೂರಂತಸ್ತಿನ ಬಂಗಲೆ ಅಂತ ಸ್ಪಷ್ಟವಾಗಿ ಬರೆದಿದ್ದರೂ ನನ್ನ ತಲೆ ಅದೇ ಹಂಚಿನ ಮನೆಗೆ ಎರಡು ಮಹಡಿ ಏರಿಸಿ ಸುಮ್ಮನಾಗುತ್ತದೆ.

ಇದು ಎಲ್ಲರಿಗೂ ಹೀಗೇನಾ ಅನ್ನುವ ಕುತೂಹಲ ಹತ್ತಿದ್ದು, ಕೆಲಸಕ್ಕೆಂದು ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಓಡಾಡುವಾಗ. ಸುಮಾರು ಒಂದು ಗಂಟೆಯ ದಾರಿ. ಸೀಟು ಸಿಕ್ಕರೆ ಓದಬಹುದು. ನಾನು ಮಾಡಿಕೊಂಡ ಪದ್ಧತಿ ಇಷ್ಟೇ: ಪಾಂಡವಪುರ ಸ್ಟೇಷನ್ ಬಂದ ಕೂಡಲೇ ಪುಸ್ತಕ ಮುಚ್ಚುವುದು. ಶ್ರೀರಂಗಪಟ್ಟಣ ಬರುವಷ್ಟರಲ್ಲಿ, ಆಗಷ್ಟೇ ಓದಿದ ಪುಟದಲ್ಲಿ ನನಗೆ ಏನೇನು ಕಂಡಿತೋ ಅದನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸುವುದು. ಆಮೇಲೆ ಪುಸ್ತಕ ತೆಗೆದು ತಾಳೆ ನೋಡುವುದು. ಪುಸ್ತಕದಲ್ಲಿ ನಿಜವಾಗಿ ಇದ್ದದ್ದು ಗೆರೆಯ ಎಡಕ್ಕೆ, ನಾನು ಸೇರಿಸಿಕೊಂಡದ್ದು ಬಲಕ್ಕೆ.

ನೀವೂ ಮಾಡಿ ನೋಡುವುದಾದರೆ ಒಂದು ಮಾತು. ಓದುತ್ತಿರುವಾಗಲೇ ಚಿತ್ರವನ್ನು ಹಿಡಿಯಲು ಹೋಗಬೇಡಿ, ಕಥೆ ಅಲ್ಲೇ ನಿಂತುಬಿಡುತ್ತದೆ. ತುಂಬ ತಡ ಮಾಡಿ ಬರೆದರೂ ಕೆಲಸಕ್ಕೆ ಬಾರದು. ಅಷ್ಟರಲ್ಲಿ ಮನಸ್ಸು ತನಗೆ ಬೇಕಾದ್ದನ್ನೆಲ್ಲ ಸೇರಿಸಿಕೊಂಡಿರುತ್ತದೆ.

ನೋಟ್‌ಬುಕ್ಕಿನಲ್ಲಿ ಬಲಗಡೆ ತುಂಬುತ್ತಾ ಹೋಯಿತು, ಎಡಗಡೆ ಖಾಲಿ ಖಾಲಿ. ಬಾಗಿಲು ಯಾವ ಕಡೆ, ಬೆಳಕು ಎಲ್ಲಿಂದ ಬೀಳುತ್ತಿದೆ, ಮಾತಾಡುತ್ತಿರುವ ಇಬ್ಬರಲ್ಲಿ ಯಾರು ಗೋಡೆಗೆ ಒರಗಿದ್ದಾರೆ, ಇವೆಲ್ಲ ನನಗೆ ಖಚಿತವಾಗಿ ಗೊತ್ತಿರುತ್ತಿತ್ತು. ಲೇಖಕರು ಅದರ ಸುದ್ದಿಯನ್ನೇ ಎತ್ತಿರುತ್ತಿರಲಿಲ್ಲ! ಇನ್ನು ಮುಖಗಳ ವಿಷಯ. ಇಡೀ ಕಾದಂಬರಿ ಉದ್ದಕ್ಕೂ ಜೊತೆಗಿದ್ದ ನಾಯಕಿಗೆ ಕಣ್ಣು ಮೂಗು ಏನೂ ಇಲ್ಲ. ಕೈ ಕಾಣುತ್ತದೆ, ನಡಿಗೆ ಕಾಣುತ್ತದೆ, ಬೆನ್ನ ಮೇಲಿನ ಸೆರಗು ಕಾಣುತ್ತದೆ. ಮುಖ ಮಾತ್ರ ಇಲ್ಲ. ಅದು ಇಲ್ಲ ಅಂತ ಓದುವಾಗ ಒಮ್ಮೆಯೂ ಅನ್ನಿಸಿರಲಿಲ್ಲ, ಬರೆದಿಡಲು ಕೂತಾಗಲೇ ಗೊತ್ತಾಗಿದ್ದು. ಹಾಗಾಗಿ ಮುಖವನ್ನು ಹಣೆಯಿಂದ ಗಲ್ಲದವರೆಗೆ ವರ್ಣಿಸುವ ಬರವಣಿಗೆ ನನ್ನ ಮಟ್ಟಿಗೆ ದಂಡ. ಅದೇ, ಮಳೆ ನಿಂತ ಮೇಲೂ ಕೊಡೆ ಮಡಚದೆ ನಡೆಯುವವನು ಅಂತ ಒಂದೇ ಸಾಲು ಬರೆದರೂ ಆ ಮನುಷ್ಯ ಪೂರ್ತಿ ಎದ್ದು ಬರುತ್ತಾನೆ.

ಎದುರು ಸೀಟಿನ ಗೆಳೆಯರೊಬ್ಬರಿಗೆ ಇದನ್ನೆಲ್ಲ ಹೇಳಿದೆ. ನನಗಿಂತ ಜಾಸ್ತಿ ಓದುವವರು. "ಕಣ್ ಮುಚ್ಚುದ್ರೆ ಕತ್ಲು ಸಾ, ಅಷ್ಟೇಯ" ಅಂದರು. ತಮಾಷೆ ಅಂದುಕೊಂಡೆ. ತಮಾಷೆ ಆಗಿರಲಿಲ್ಲ. ಅವರಿಗೆ ಮನೆಯೂ ಕಾಣುವುದಿಲ್ಲ, ಮರವೂ ಕಾಣುವುದಿಲ್ಲ. ಕಲ್ಪಿಸಿಕೋ ಅಂತ ಜನ ಹೇಳುವುದು ಸುಮ್ನೆ ಮಾತಿಗೆ ಅಂತಲೇ ಅವರು ತಿಳಿದಿದ್ದರಂತೆ.

ಇದು ಹೊಸ ವಿಷಯವೇನಲ್ಲ. 1880ರಲ್ಲೇ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಜನರಿಗೆ ಪ್ರಶ್ನೆ ಕಳಿಸಿ ಕೇಳಿದ್ದರು: ಬೆಳಿಗ್ಗೆ ತಿಂಡಿಗೆ ಕೂತ ಮೇಜನ್ನು ನೆನೆಸಿಕೊಳ್ಳಿ, ಎಷ್ಟು ನಿಚ್ಚಳವಾಗಿ ಕಾಣುತ್ತದೆ, ಬಣ್ಣ ಇದೆಯಾ? ಏನೂ ಕಾಣುವುದಿಲ್ಲ ಅಂದವರೂ ಅವರಿಗೆ ಸಿಕ್ಕಿದ್ದರು. ಆದರೂ ಈ ಸ್ಥಿತಿಗೆ ಅಫ್ಯಾಂಟೇಸಿಯಾ ಅಂತ ಹೆಸರು ಬಿದ್ದದ್ದು 2015ರಲ್ಲಿ, ನರರೋಗ ತಜ್ಞ ಆಡಮ್ ಝೀಮನ್ ಮತ್ತು ಅವರ ಜೊತೆಗಾರರ ಬರಹದಿಂದ. ಇದು ಕಾಯಿಲೆ ಅಲ್ಲ. ತಲೆ ಕೆಲಸ ಮಾಡುವ ಇನ್ನೊಂದು ರೀತಿ, ಅಷ್ಟೇ.

ಆ ಗೆಳೆಯರು ದೆವ್ವದ ಕಥೆಯನ್ನು ರಾತ್ರಿ ಒಬ್ಬರೇ ಕೂತು ನಗುನಗುತ್ತಾ ಓದುತ್ತಾರೆ. ದೆವ್ವದ ಸಿನಿಮಾ ಆದರೆ ಕಾಲು ಮೇಲೆತ್ತಿಕೊಂಡು ಕೂರುತ್ತಾರೆ! ಇದಕ್ಕೆ ಸರಿಯಾಗಿ ಹೊಂದುವ ಒಂದು ಪ್ರಯೋಗ 2021ರಲ್ಲಿ ಪ್ರಕಟವಾಗಿದೆ. ಆಸ್ಟ್ರೇಲಿಯಾದ ಸಂಶೋಧಕರು ಕತ್ತಲ ಕೋಣೆಯಲ್ಲಿ ಜನರಿಗೆ ಹೆದರಿಕೆಯ ಕಥೆ ಓದಿಸಿ, ಭಯಕ್ಕೆ ಚರ್ಮ ಬೆವರುವುದನ್ನು ಯಂತ್ರದಲ್ಲಿ ಅಳೆದರು. ಮನಸ್ಸಿನಲ್ಲಿ ಚಿತ್ರ ಮೂಡುವವರಲ್ಲಿ ಕಥೆ ಮುಂದುವರಿದಂತೆ ಅಳತೆ ಏರಿತು. ಮೂಡದವರಲ್ಲಿ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಹೆದರಿಕೆಯ ಫೋಟೋ ತೋರಿಸಿದಾಗ ಮಾತ್ರ ಎರಡೂ ಗುಂಪಿನವರು ಒಂದೇ ಥರ ಹೆದರಿದರು.

ಹಾಗಂತ ನನ್ನ ಗೆಳೆಯರಿಗೆ ಕಥೆ ತಟ್ಟುವುದಿಲ್ಲ ಅಂತಲ್ಲ. ಅವರು ಓದುವುದೇ ಮಾತುಗಳಿಗಾಗಿ. ಅಪ್ಪ ಮಗನ ಜಗಳದ ಒಂದು ಪುಟ ಓದಿ ಕಣ್ಣು ಒರೆಸಿಕೊಂಡದ್ದನ್ನು ನಾನೇ ನೋಡಿದ್ದೇನೆ. ಸೂರ್ಯ ಮುಳುಗುವ ವರ್ಣನೆ ಬಂದರೆ ಮಾತ್ರ ಪುಟ ಹಾರಿಸಿಬಿಡುತ್ತಾರೆ.

ಮನೆಯಲ್ಲೂ ಕೇಳಿ ನೋಡಿದೆ. 1973ರಲ್ಲಿ ಡೇವಿಡ್ ಮಾರ್ಕ್ಸ್ ಎಂಬ ಮನಶ್ಶಾಸ್ತ್ರಜ್ಞರು ಮಾಡಿದ 16 ಪ್ರಶ್ನೆಗಳ ಒಂದು ಪಟ್ಟಿ ಇದೆ. ಹತ್ತಿರದವರೊಬ್ಬರು, ಸೂರ್ಯೋದಯ, ಸದಾ ಹೋಗುವ ಅಂಗಡಿಯ ಮುಂಭಾಗ, ಬೆಟ್ಟ ಕೆರೆ ಇರುವ ನೋಟ, ಇವನ್ನು ನೆನೆಸಿಕೊಂಡು ಎಷ್ಟು ಸ್ಪಷ್ಟ ಅನ್ನುವುದಕ್ಕೆ 1ರಿಂದ 5ರವರೆಗೆ ಅಂಕ ಕೊಡಬೇಕು. ಅಂಗಡಿಯ ಬದಲು ದೇವರಾಜ ಮಾರುಕಟ್ಟೆಯ ಹೂವಿನ ಸಾಲು, ಬೆಟ್ಟ ಕೆರೆಗೆ ಕುಕ್ಕರಹಳ್ಳಿ ಏರಿಯಿಂದ ಕಾಣುವ ಚಾಮುಂಡಿ ಬೆಟ್ಟ, ಹೀಗೆ ಮಾಡಿಕೊಂಡು ಹೆಂಡತಿಯನ್ನು ಕೇಳಿದೆ. "ಟೀವಿ ಥರ ಕಾಣುತ್ತೆ ರೀ, ಇದರಲ್ಲಿ ಕೇಳೋದೇನಿದೆ?" ಅಂದಳು. ಎಲ್ಲದಕ್ಕೂ ಪೂರ್ತಿ ಅಂಕ. ರಕ್ತಪಾತ ಇರುವ ಪುಸ್ತಕವನ್ನು ಅವಳು ಯಾಕೆ ಅರ್ಧಕ್ಕೇ ಮುಚ್ಚಿಡುತ್ತಾಳೆ ಅಂತ ಆಗ ಅರ್ಥವಾಯಿತು.

ಕಾಣದ್ದನ್ನು ತಲೆ ಹೇಗೆ ಕಟ್ಟುತ್ತದೆ ಅನ್ನುವುದು ಇನ್ನೂ ಮಜಾ. ನಾನು ಹಿಮ ನೋಡಿಲ್ಲ. ರಷ್ಯಾದ ಕಥೆಯಲ್ಲಿ ಹಿಮ ಬಿದ್ದರೆ ನನಗೆ ಕಾಣುವುದು ಹಳೆ ಫ್ರಿಜ್ಜಿನ ಫ್ರೀಜರಿನಲ್ಲಿ ಗಟ್ಟಿಯಾಗಿ, ಚಮಚದಿಂದ ಕೆರೆದು ತೆಗೆಯುತ್ತಿದ್ದ ಬಿಳಿ ಪದರ. ಸಮುದ್ರ ಅಂದರೆ ಕೆಆರ್‌ಎಸ್ ಹಿನ್ನೀರು. ಮಲೆನಾಡಿನ ಕಾಡು ಅಂದರೆ, ಮಲೆನಾಡಿನವರು ಕ್ಷಮಿಸಬೇಕು, ಬೇಸಿಗೆಯಲ್ಲಿ ಎಲೆ ಉದುರಿಸಿ ನಿಂತ ಬಂಡೀಪುರ. ಆಮೇಲೆ ಆಗುಂಬೆಗೆ ಹೋಗಿ ನಿಜವಾದ ಕಾಡು ನೋಡಿ ಬಂದೆ. ಅಲ್ಲಿಂದ ಈಚೆಗೆ ಓದಿದ ಕಥೆಗಳಿಗೆ ಹೊಸ ಕಾಡು ಸಿಕ್ಕಿತು. ಮೊದಲು ಓದಿದ್ದ ಕಥೆಗಳು ಮಾತ್ರ ಬಂಡೀಪುರ ಬಿಟ್ಟು ಕದಲಲಿಲ್ಲ. ಮತ್ತೆ ಓದಿದರೂ ಅಷ್ಟೇ. ಸಿನಿಮಾ ಆದ ಕಾದಂಬರಿಗಳಲ್ಲಿ ಇದು ಉಲ್ಟಾ. ಒಮ್ಮೆ ನಟನ ಮುಖ ಬಂದು ಕೂತರೆ ಎದ್ದು ಹೋಗುವುದಿಲ್ಲ, ಯಾಕೆಂದರೆ ಅಲ್ಲಿ ಮೊದಲು ಯಾರೂ ಕೂತಿರಲಿಲ್ಲ, ಅಲ್ವಾ? ಅದಕ್ಕೇ ನಾನು ಓದಿ ಮುಗಿಸದೆ ಸಿನಿಮಾ ನೋಡುವುದಿಲ್ಲ.

ಈಚೆಗೆ ಚಿತ್ರ ಬಿಟ್ಟು ದನಿಯ ಹಿಂದೆ ಬಿದ್ದಿದ್ದೇನೆ. ಬರೀ ದನಿಯಿಂದ ಎಷ್ಟೆಲ್ಲ ಕಾಣಿಸಬಹುದು ಅನ್ನುವುದು ಮೈಸೂರಿಗೆ ಹಳೆಯ ಸಂಗತಿಯೇ. 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿಯವರು ಇಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ನನ್ನ ತಲೆಯೊಳಗಿನ ರೇಡಿಯೋದ ತೊಂದರೆ ಏನೆಂದರೆ, ಧಾರವಾಡದ ಕಥೆಯ ಪಾತ್ರಗಳೂ ಅಲ್ಲಿ ಮಂಡ್ಯದ ರಾಗದಲ್ಲೇ ಮಾತಾಡುತ್ತವೆ. ಅಕ್ಷರ ಧಾರವಾಡದ್ದು, ಎಳೆತ ನಮ್ಮದು. ಆಫೀಸಿನಲ್ಲಿ ಹುಬ್ಬಳ್ಳಿ ಕಡೆಯವರೊಬ್ಬರಿದ್ದಾರೆ. ಊಟದ ಹೊತ್ತಿನಲ್ಲಿ ಒಂದು ಕಥೆಯ ಮೊದಲ ಎರಡು ಪುಟ ಗಟ್ಟಿಯಾಗಿ ಓದಿ ಅಂತ ಕೇಳಿಕೊಂಡೆ. "ಇದ್ರಾಗ ಏನ್ ಐತ್ರೀ" ಅಂತ ನಗುತ್ತಲೇ ಓದಿದರು. ಉಳಿದ ಕಥೆಯನ್ನು ಸಂಜೆ ರೈಲಿನಲ್ಲಿ ನಾನೇ ಓದಿಕೊಂಡೆ, ಕೊನೆಯವರೆಗೂ ಅವರದೇ ದನಿ. ಈಗ ಆ ಕಡೆಯ ಪುಸ್ತಕ ಕೊಂಡಾಗಲೆಲ್ಲ ಮೊದಲ ಎರಡು ಪುಟ ಅವರ ಪಾಲು.