ಮಗನ ಹೊಟ್ಟೆ ನೋಡ್ಲಿಕ್ಕೆ ಕಲಿತದ್ದು: ನನ್ನ ಅನುಭವ

ನನ್ನ ಮಗನಿಗೆ ಹಿರ್ಷ್‌ಸ್ಪ್ರಂಗ್ ಕಾಯಿಲೆ. 1886ರಲ್ಲಿ ಇದನ್ನು ವಿವರಿಸಿದ ಡೆನ್ಮಾರ್ಕಿನ ಮಕ್ಕಳ ಡಾಕ್ಟ್ರ ಹೆಸರೇ ರೋಗಕ್ಕೂ ಬಂದದ್ದಂತೆ. ಹುಟ್ಟುವ ಸುಮಾರು 5000 ಮಕ್ಕಳಲ್ಲಿ ಒಬ್ರಿಗೆ ಇರ್ತದೆ, ಗಂಡುಮಕ್ಕಳಲ್ಲಿ ಜಾಸ್ತಿ. ಕರುಳಿನ ಕೊನೆಯ ತುಂಡಿನ ಗೋಡೆಯಲ್ಲಿ ಇರಬೇಕಾದ ನರಕೋಶಗಳು ಹುಟ್ಟುವಾಗ್ಲೇ ಇರುದಿಲ್ಲ, ಹಾಗಾಗಿ ಆ ತುಂಡು ಸಡಿಲ ಆಗುದೇ ಇಲ್ಲ, ಮೇಲಿಂದ ಬಂದದ್ದೆಲ್ಲ ಅಲ್ಲೇ ಕೂರ್ತದೆ.

ಸಾಮಾನ್ಯವಾಗಿ ಮಕ್ಕಳು ಹುಟ್ಟಿ 24 ಗಂಟೆಯೊಳಗೆ ಕಪ್ಪು ಕಕ್ಕ ಮಾಡ್ತಾರೆ, 48 ಗಂಟೆ ದಾಟಿದ್ರೆ ಸಂಶಯ ಪಡ್ಲೇಬೇಕು. ನಮ್ಮವನಿಗೆ ತಡವಾಗಿತ್ತು. ಪೆರ್ಲದ ಮನೆಗೆ ಕರ್ಕೊಂಡು ಬಂದ ಮೇಲೆ ಹೊಟ್ಟೆ ಬಿಗಿದುಕೊಂಡು ಹಾಲೂ ಕುಡಿಯುದಿಲ್ಲ, ಅತ್ತೆ ವೀಳ್ಯದೆಲೆ ತೊಟ್ಟಿಗೆ ಹರಳೆಣ್ಣೆ ಹಚ್ಚಿ ಇಟ್ರು, ಅದನ್ನು ತೆಗ್ದದ್ದೇ ತಡ ಗಾಳಿ ಕಕ್ಕ ಎಲ್ಲ ಒಟ್ಟಿಗೆ ಪಿಚಕ್ಕಂತ ಗೋಡೆವರೆಗೆ ಹಾರಿತು! ಎಲ್ರಿಗೂ ಸಮಾಧಾನ, ಮರುದಿನ ಪುನಃ ಹೊಟ್ಟೆ ಹಾಗೇ. ಮಂಗಳೂರಿನ ಮಕ್ಕಳ ಸರ್ಜನ್‌ಗೆ ಇದನ್ನು ಹೇಳಿದಾಗ ಅವರು ಮತ್ತೆ ಮತ್ತೆ ಕೇಳಿದ್ರು, ಹೇಗೆ ಹಾರಿತು, ಆಮೇಲೆ ಹೊಟ್ಟೆ ಇಳಿಯಿತಾ ಅಂತ. ಹಾಗೆ ಹಾರುದು ಸಹ ಈ ಕಾಯಿಲೆಯ ಒಂದು ಗುರುತಂತೆ. ಮತ್ತೆ ಡೈ ಹಾಕಿ ಎಕ್ಸ್‌ರೇ, ಗುದದ ಒಳಗಿಂದ ಚೂರು ತೆಗೆದು ಬಯಾಪ್ಸಿ. ಖಾತ್ರಿ ಆಗುದು ಬಯಾಪ್ಸಿಯಲ್ಲೇ.

ಮೊದ್ಲು ಹೊಟ್ಟೆಯಲ್ಲಿ ಕಕ್ಕ ಹೊರಗೆ ಬರ್ಲಿಕ್ಕೆ ದಾರಿ (ಇದಕ್ಕೆ ಸ್ಟೋಮಾ ಅಂತಾರೆ) ಮಾಡಿ ಬ್ಯಾಗ್ ಹಾಕಿದ್ರು, ತೂಕ ಬಂದ ಮೇಲೆ ನರಕೋಶ ಇಲ್ಲದ ತುಂಡು ತೆಗೆದು ಒಳ್ಳೆ ಕರುಳನ್ನು ಕೆಳಗೆ ಎಳೆದು ಜೋಡಿಸುವ ಆಪರೇಷನ್ (ಎಲ್ಲರಿಗೂ ಹೀಗೆ ಎರಡು ಹಂತ ಬೇಕಂತಿಲ್ಲ, ಕೆಲವರಿಗೆ ಒಂದೇ ಸಲ ಆಗ್ತದೆ).

ಬ್ಯಾಗಿನ ಕಾಲದಲ್ಲಿ ನಮಗೆ ಶತ್ರು ಮಳೆಗಾಲ. ಬೆವರು, ತೇವ, ಅಂಟು ನಿಲ್ಲುದೇ ಇಲ್ಲ. ಬೆಳಿಗ್ಗೆ ಹಾಲು ಕೊಡುವ ಮೊದ್ಲು ಬದಲಾಯಿಸ್ಲಿಕ್ಕೆ ಶುರು ಮಾಡಿದೆ, ಆಗ ಕರುಳು ಸ್ವಲ್ಪ ಸುಮ್ನಿರ್ತದೆ. ಹಳೆ ಪಂಚೆ ತುಂಡಿಂದ ಬೆಚ್ಚಗಿನ ನೀರಲ್ಲಿ ಒರೆಸಿ, ಚರ್ಮ ಪೂರ್ತಿ ಒಣಗ್ಲಿಕ್ಕೆ ಬಿಟ್ಟು, ಬ್ಯಾಗಿನ ತೂತು ಸ್ಟೋಮಾಕ್ಕಿಂತ ಒಂದೆರಡು ಮಿಲ್ಲಿಮೀಟರ್ ಮಾತ್ರ ದೊಡ್ಡ ಕತ್ತರಿಸ್ಬೇಕು, ಜಾಸ್ತಿ ಆದ್ರೆ ಸುತ್ತಲಿನ ಚರ್ಮ ಸುಟ್ಟ ಹಾಗೆ ಆಗ್ತದೆ. ಸ್ಟೋಮಾ ಕೆಂಪಗೆ ಒದ್ದೆಯಾಗಿ ಇರ್ತದೆ, ನೋಡ್ಲಿಕ್ಕೆ ಭಯ ಆಗ್ತದೆ ಅಷ್ಟೇ, ಮುಟ್ಟಿದ್ರೆ ಮಗುವಿಗೆ ನೋವಿಲ್ಲ. ಅದು ನೀಲಿಯೋ ಕಪ್ಪೋ ಆದ್ರೆ ಮಾತ್ರ ಕೂಡ್ಲೇ ಆಸ್ಪತ್ರೆಗೆ ಓಡ್ಬೇಕು.

ದೊಡ್ಡ ಆಪರೇಷನ್ ಆದ ಮೇಲೆ ಎಲ್ಲ ಮುಗೀತು ಅಂತ ನೆಂಟರು ಪಾಯಸದ ಮಾತಾಡಿದ್ರು. ನನಗೆ ನಿಜವಾದ ಕೆಲಸ ಶುರುವಾದದ್ದೇ ಅಲ್ಲಿಂದ. ದಿನಕ್ಕೆ ಲೆಕ್ಕ ಇಲ್ಲದಷ್ಟು ಸಲ ಕಕ್ಕ, ಅಂಡು ಕೆಂಪಾಗಿ ರಕ್ತ ಬರುವಷ್ಟು. ವೈಪ್ಸ್ ಬಿಟ್ಟು ಬರೀ ನೀರು, ಉಜ್ಜುದು ಬೇಡ, ಒತ್ತಿ ಒಣಗಿಸಿ ಜಿಂಕ್ ಆಕ್ಸೈಡ್ ಕ್ರೀಮ್ ದಪ್ಪ ಹಚ್ಚುದು, ಮುಂದಿನ ಸಲ ಮೇಲಿನ ಕೊಳೆ ಮಾತ್ರ ತೆಗ್ದು ಅದರ ಮೇಲೇ ಪುನಃ ಹಚ್ಚುದು. ತೆಂಗಿನೆಣ್ಣೆ ಒಂದೇ ಸಾಕಾಗುದಿಲ್ಲ, ಊರವರು ಎಂತ ಹೇಳಿದ್ರೂ.

ಇನ್ನು ಮುಖ್ಯ ವಿಷಯ. ಆಪರೇಷನ್ ಆದ ಮಕ್ಕಳಿಗೂ ಎಂಟರೋಕೊಲೈಟಿಸ್ ಅಂತ ಕರುಳಿನ ಸೋಂಕು ಬರ್ಬಹುದು, ಜೀವಕ್ಕೇ ಅಪಾಯ ಇರುವುದು ಇದರಿಂದಲೇ. ನೋಡುವವರಿಗೆ ಮಾಮೂಲಿ ಲೂಸ್ ಮೋಷನ್ ಅನಿಸ್ತದೆ. ಹಾಗಾಗಿ ನಾನು ಎಷ್ಟು ಸಲ ಹೋಯ್ತು ಅಂತ ಎಣಿಸುದು ಬಿಟ್ಟು ಹೊಟ್ಟೆ ನೋಡ್ಲಿಕ್ಕೆ ಕಲಿತೆ. ದಿನಾ ಸ್ನಾನ ಮಾಡಿಸುವಾಗ ಅಂಗೈ ಇಟ್ಟು ನೋಡುದು, ಬೆರಳಿಂದ ತಟ್ಟುದು. ಹೊಟ್ಟೆ ಉಬ್ಬಿ ಡೋಲಿನ ಹಾಗೆ ಬಿಗಿಯಾಗಿ, ಕಕ್ಕ ನೀರಾಗಿ ಕೊಳೆತ ವಾಸನೆ ಬಂದು, ಜ್ವರ ಇದ್ದು ಮಗು ಮಂಕಾದ್ರೆ ಕಾಯ್ಲಿಕ್ಕಿಲ್ಲ. ಹಸಿರು ವಾಂತಿ ಆದ್ರಂತೂ ರಾತ್ರಿಯಾದ್ರೂ ಹೊರಟೇ ಬಿಡುದು. ಮೋಷನ್ ನಿಲ್ಲಿಸುವ ಮದ್ದು ಕೊಡ್ಲೇಬಾರ್ದು, ಒಳಗಿನ ವಿಷ ಹೊರಗೆ ಬರ್ಬೇಕು.

ಅದಕ್ಕೇ ಸರ್ಜನ್ ನನಗೆ ವಾಶ್‌ಔಟ್, ಅಂದ್ರೆ ಗುದದ ಮೂಲಕ ಕರುಳು ತೊಳೆಯುದು, ಕಲಿಸಿದ್ದು. ಮಗುವನ್ನು ಎಡ ಮಗ್ಗುಲಿಗೆ ಮಲಗಿಸಿ, ಮೆತ್ತಗಿನ ಟ್ಯೂಬಿಗೆ ಜೆಲ್ಲಿ ಹಚ್ಚಿ ಮೆಲ್ಲ ಒಳಗೆ ಬಿಟ್ಟು, ಬಿಸಿನೀರ ಪಾತ್ರೆಯಲ್ಲಿ ಇಟ್ಟು ಉಗುರುಬೆಚ್ಚಗೆ ಮಾಡಿದ ನಾರ್ಮಲ್ ಸಲೈನ್ ಸ್ವಲ್ಪ ಸ್ವಲ್ಪ ಹಾಕುದು, ಅದು ವಾಪಸ್ ಬರ್ಲಿಕ್ಕೆ ಬಿಡುದು, ತಿಳಿಯಾಗುವವರೆಗೆ. ಹೋದದ್ದು ವಾಪಸ್ ಬಂತಾ ಅಂತ ಅಳೆದು ನೋಡ್ಬೇಕು. ಬಾವಿ ನೀರು, ಸೋಪು ನೀರು ಖಂಡಿತ ಬೇಡ, ರಕ್ತದ ಉಪ್ಪಿನಂಶ ಇಳಿದು ಫಿಟ್ಸ್ ಬರ್ಬಹುದು. ಪ್ರಮಾಣ ಎಷ್ಟು ಅನ್ನುದು ತೂಕದ ಮೇಲೆ, ನಿಮ್ಮ ಸರ್ಜನ್ ಕೈಯಿಂದಲೇ ಕಲೀರಿ, ಇದನ್ನು ಓದಿ ಮಾಡ್ಲಿಕ್ಕೆ ಹೋಗ್ಬೇಡಿ.

ನಮ್ಮ ಕಾಸರಗೋಡಿನವರಿಗೆ ಇನ್ನೊಂದು ತಲೆಬಿಸಿ ಉಂಟು. ಆಪರೇಷನ್ ಮಂಗಳೂರಲ್ಲಿ, ಅರ್ಧರಾತ್ರಿ ಹತ್ರ ಸಿಗುದು ಇಲ್ಲಿನ ಆಸ್ಪತ್ರೆ. 2020ರ ಲಾಕ್‌ಡೌನಿನಲ್ಲಿ ಮಂಗಳೂರಿಗೆ ಹೋಗುವ ದಾರಿಯ ತಲಪಾಡಿ ಗಡಿ ಮುಚ್ಚಿದ್ದು ನಮ್ಮ ಕಡೆ ಯಾರೂ ಮರೆಯುದಿಲ್ಲ. ಹಾಗಾಗಿ ಎಂತ ಆಪರೇಷನ್, ಯಾವಾಗ ಆದದ್ದು, ಹೊಟ್ಟೆ ಉಬ್ಬಿ ಜ್ವರ ಬಂದ್ರೆ ಏನು ಸಂಶಯ ಪಡ್ಬೇಕು, ಯಾರಿಗೆ ಫೋನ್ ಮಾಡ್ಬೇಕು ಅಂತ ಸರ್ಜನ್ ಹತ್ರ ಒಂದೇ ಪುಟದಲ್ಲಿ ಇಂಗ್ಲಿಷಲ್ಲಿ ಬರೆಸಿ, ಕೆಳಗೆ ಪಕ್ಕದ ಮನೆ ಟೀಚರಿಂದ ಮಲಯಾಳದಲ್ಲೂ ಬರೆಸಿ ಲ್ಯಾಮಿನೇಟ್ ಮಾಡಿಸಿದ್ದೇನೆ. ಡಯಪರ್ ಬ್ಯಾಗಲ್ಲಿ ಒಂದು, ಅಂಗನವಾಡಿಯಲ್ಲಿ ಒಂದು. ಒಮ್ಮೆ ರಾತ್ರಿ ಡ್ಯೂಟಿ ಡಾಕ್ಟ್ರು ಸಾದಾ ಲೂಸ್ ಮೋಷನ್ ಅಂತ ಮದ್ದು ಬರೀಲಿಕ್ಕೆ ಹೊರಟವರು ಆ ಕಾಗದ ಓದಿ ಪೆನ್ನು ಕೆಳಗಿಟ್ಟು ಸರ್ಜನ್‌ಗೆ ಫೋನ್ ಹಚ್ಚಿದ್ರು.

ಊಟದ ಬಗ್ಗೆ ಹೆಚ್ಚು ಹೇಳ್ಲಿಕ್ಕಿಲ್ಲ. ರಾಗಿ ಮಣ್ಣಿ, ಗಂಜಿ, ಬಾಳೆಕಾಯಿ ಹುಡಿಯ ಮಣ್ಣಿ ಅವನಿಗೆ ಹಿಡಿಸ್ತದೆ, ಪ್ಯಾಕೆಟ್ ಜ್ಯೂಸ್ ಕುಡಿದ್ರೆ ನೀರಾಗಿ ಹೋಗ್ತದೆ, ಹಲಸಿನ ಹಣ್ಣು ತಿಂದ ದಿನ ಗ್ಯಾಸ್. ನಿಮ್ಮ ಮಗುವಿಗೆ ಬೇರೆ ಇರ್ಬಹುದು, ಬರೆದಿಟ್ಟು ನೋಡಿ.

ಈಗ ಊಟ ಆದ ಕೂಡ್ಲೇ ಕಕ್ಕ ಮಾಡುವ ಪಾಟಿಯಲ್ಲಿ ಕೂರಿಸ್ತೇನೆ, ಕಾಲಡಿಗೆ ಮಣೆ ಇಟ್ಟು. ಹೊಟ್ಟೆಗೆ ಬಿದ್ದಾಗ ಕರುಳು ತಾನೇ ಎಚ್ಚರ ಆಗ್ತದೆ, ಆ ಹೊತ್ತೇ ಸರಿ. ಚಡ್ಡಿಯಲ್ಲಿ ಆದ್ರೆ ಬೈಯುದಿಲ್ಲ, ಇಂಥ ಮಕ್ಕಳಿಗೆ ಹಿಡಿತ ಬರುದು ತಡವೇ. ಬರುವ ವರ್ಷ ಶಾಲೆ. ಕ್ಲಾಸಿನ ಹತ್ರ ಟಾಯ್ಲೆಟ್ ಉಂಟಾ, ಕೇಳಿದ ಕೂಡ್ಲೇ ಬಿಡ್ತೀರಾ, ಇವೆರಡೇ ನಾನು ಹೆಡ್‌ಮಾಸ್ಟ್ರ ಹತ್ರ ಕೇಳಿದ್ದು, ಬಿಡ್ತೇವೆ ಅಂದಿದ್ದಾರೆ, ಚಡ್ಡಿ ಒಂದೆರಡು ಜಾಸ್ತಿಯೇ ಕಳಿಸಿ ಅಂತಲೂ ಅವರೇ ಹೇಳಿದ್ರು.