ಟೂರಿಸ್ಟ್ ಗೈಡ್ ಆಗುವುದು ಹೇಗೆ? ದುಡ್ಡು ಎಷ್ಟು, ಮುಂದಿನ ದಾರಿ ಏನು?

ಗೈಡ್ ಕೆಲಸದ ಬಗ್ಗೆ ವಿಚಾರಿಸುವವರೆಲ್ಲ ಮೊದಲು ಕೇಳುವುದು ಒಂದೇ: ದಿನಕ್ಕೆ ಎಷ್ಟು ಸಿಗುತ್ತೆ? ಅದಕ್ಕಿಂತ ಮುಖ್ಯವಾಗಿ ಕೇಳಬೇಕಾದ್ದು, ವರ್ಷಕ್ಕೆ ಎಷ್ಟು ದಿನ ಕೆಲಸ ಸಿಗುತ್ತೆ? ಈ ಲೆಕ್ಕ ಹಾಕದೆ ಇಳಿದವರು ಬೇಸಿಗೆ ಬರುತ್ತಿದ್ದಂತೆ ಕೈಚೆಲ್ಲುತ್ತಾರೆ. ಲೆಕ್ಕ ಹಾಕಿ ಇಳಿದವರು ಇದೇ ಕೆಲಸದಲ್ಲಿ ಮನೆ ನಡೆಸಿ, ಮಕ್ಕಳನ್ನು ಓದಿಸಿ, ನೆಮ್ಮದಿಯಾಗಿದ್ದಾರೆ. ಹಂಪಿಯನ್ನು ಉದಾಹರಣೆಗೆ ಇಟ್ಟುಕೊಂಡು ಒಂದೊಂದಾಗಿ ನೋಡೋಣ. ಬೇಲೂರು, ಬಾದಾಮಿ, ಮೈಸೂರಿನ ಕಡೆಯವರಿಗೂ ಹೆಚ್ಚುಕಡಿಮೆ ಇದೇ ದಾರಿ.

ಮೊದಲು ಕಾರ್ಡ್

ಊರಿನ ಇತಿಹಾಸ ಬಾಯಿಪಾಠ ಇದ್ದರೆ ಸಾಕು, ನಾಳೆಯಿಂದಲೇ ಶುರು ಮಾಡಬಹುದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಾಗುವುದಿಲ್ಲ. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಿಗೆ 1959ರ ನಿಯಮಗಳಿವೆ. ದುಡ್ಡು ತೆಗೆದುಕೊಂಡು ಒಳಗೆ ಜಾಗ ತೋರಿಸಬೇಕೆಂದರೆ ಆ ಇಲಾಖೆಯ ಅಧಿಕಾರಿ ಕೊಟ್ಟ ಲೈಸೆನ್ಸ್ ಇರಬೇಕು ಎಂದು ಅದರಲ್ಲಿ ಸ್ಪಷ್ಟವಾಗಿದೆ. ಈ ಲೈಸೆನ್ಸ್ ಕಾರ್ಡ್ ಇಲ್ಲದೆ ನಿಂತರೆ ಯಾವಾಗ ಬೇಕಾದರೂ ಹೊರಗೆ ಕಳಿಸಬಹುದು, ಅದೂ ನೀವು ಕರೆದುಕೊಂಡು ಬಂದ ಪಾರ್ಟಿಯ, ಅಂದರೆ ಪ್ರವಾಸಿಗರ ಗುಂಪಿನ ಎದುರಿಗೇ.

ಹಾಗಾಗಿ ಮೊದಲು ಜಿಲ್ಲೆಯ ಪ್ರವಾಸೋದ್ಯಮ ಇಲಾಖೆ ಕಚೇರಿಗೆ ಹೋಗಿ. ರಾಜ್ಯ ಇಲಾಖೆ ಆಗಾಗ ಅರ್ಜಿ ಕರೆದು, ತರಬೇತಿ ಕೊಟ್ಟು, ಪಾಸಾದವರಿಗೆ ಗುರುತಿನ ಚೀಟಿ ಕೊಡುತ್ತದೆ. ಪ್ರತಿ ವರ್ಷ ಕರೆಯುತ್ತಾರೆ ಅಂತ ಇಲ್ಲ, ಅದಕ್ಕೇ ಕಚೇರಿಯವರಿಗೆ ನಿಮ್ಮ ಮುಖ ಪರಿಚಯ ಇದ್ದರೆ ಒಳ್ಳೆಯದು. ಇದಲ್ಲದೆ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಆನ್‌ಲೈನ್ ಕೋರ್ಸ್ ಇದೆ, ಇನ್‌ಕ್ರೆಡಿಬಲ್ ಇಂಡಿಯಾ ಹೆಸರಿನದು. ಮನೆಯಲ್ಲೇ ಓದಿ ಪರೀಕ್ಷೆ ಬರೆಯಬಹುದು. ಪೂರ್ತಿ ಡಿಗ್ರಿಯೇ ಬೇಕೆನ್ನುವವರಿಗೆ 1983ರಲ್ಲಿ ಶುರುವಾದ ಗ್ವಾಲಿಯರ್‌ನ ಐಐಟಿಟಿಎಂ ಎಂಬ ಪ್ರವಾಸೋದ್ಯಮ ಕಲಿಸುವ ಸಂಸ್ಥೆ ಇದೆ, ಗೋವಾದಲ್ಲೂ ಅದರ ಕ್ಯಾಂಪಸ್ ಇದೆ. ಆದರೆ ನಿಮ್ಮ ಊರಿನ ಸ್ಮಾರಕದಲ್ಲಿ ಯಾವ ಕಾರ್ಡ್ ನಡೆಯುತ್ತದೆ ಎಂದು ಕೇಳಿ ಖಚಿತ ಮಾಡಿಕೊಳ್ಳುವ ಮುಂಚೆ ಯಾವ ಕೋರ್ಸಿಗೂ ದುಡ್ಡು ಕಟ್ಟಬೇಡಿ. ಮಾನ್ಯತೆ ಇರುವ ಗೈಡ್‌ಗಳಿಗೆ ರಾಜ್ಯ ಸರ್ಕಾರ ಗೌರವಧನದ ಯೋಜನೆಯನ್ನೂ ತಂದಿದೆ. ಅದಕ್ಕೆ ಯಾರು ಅರ್ಹರು ಅನ್ನುವುದನ್ನೂ ಅದೇ ಕಚೇರಿಯಲ್ಲಿ ಕೇಳಿಕೊಂಡು ಬನ್ನಿ.

ಓದುವುದು ಏನನ್ನು?

ಹಂಪಿಯಲ್ಲಿ ಯುನೆಸ್ಕೊ ಪಟ್ಟಿಯಲ್ಲಿರುವ ಜಾಗವೇ ಸುಮಾರು 42 ಚದರ ಕಿಲೋಮೀಟರ್. ಪಾರ್ಟಿ ಇರುವುದು ಒಂದು ದಿನ, ಜಾಸ್ತಿ ಅಂದರೆ ಎರಡು. ಎಲ್ಲವನ್ನೂ ತೋರಿಸಲು ಹೋದರೆ ಏನನ್ನೂ ತೋರಿಸಿದ ಹಾಗಾಗುವುದಿಲ್ಲ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಸುಮ್ನೆ ದಾಟಿಸಿಕೊಂಡು ಹೋಗಬೇಕು ಎಂದು ತಿಳಿಯುವುದೇ ಅರ್ಧ ಕೆಲಸ.

ಹಜಾರರಾಮ ದೇವಸ್ಥಾನದ ಹೊರಗೋಡೆಯನ್ನೇ ತೆಗೆದುಕೊಳ್ಳಿ. ಒಳಗೆ ರಾಮಾಯಣದ ಕೆತ್ತನೆ ಇದೆ ಅಂತ ಹೆಚ್ಚಿನವರು ಹೊರಗೋಡೆಯನ್ನು ದಾಟಿಸಿಬಿಡುತ್ತಾರೆ. ಅಲ್ಲಿ ಎರಡು ನಿಮಿಷ ನಿಲ್ಲಿಸಿ. ಕೆಳಗಿನ ಸಾಲಿನಲ್ಲಿ ಆನೆ, ಅದರ ಮೇಲೆ ಕುದುರೆ, ಅದರ ಮೇಲೆ ಸೈನಿಕರು, ಇನ್ನೂ ಮೇಲೆ ಕುಣಿಯುವ ಹೆಂಗಸರು. ಈಗ ಕುದುರೆ ಸಾಲನ್ನು ತೋರಿಸಿ, ಇಷ್ಟೊಂದು ಕುದುರೆ ಎಲ್ಲಿಂದ ಬಂತು ಅಂತ ಅವರನ್ನೇ ಕೇಳಿ. ಸಮುದ್ರ ದಾಟಿ ಅರಬ್ ದೇಶಗಳಿಂದ ಭಟ್ಕಳ, ಗೋವಾ ಬಂದರುಗಳಿಗೆ ಬಂದು ಇಳಿಯುತ್ತಿದ್ದ ಕುದುರೆಗಳು, ಅದಕ್ಕೆ ವಿಜಯನಗರದ ರಾಯರು ಸುರಿದ ಹಣ, ಆ ವ್ಯಾಪಾರದ ಹಿಂದೆ ಬಂದ ಪೋರ್ಚುಗೀಸರು, ಕೃಷ್ಣದೇವರಾಯನ ಕಾಲದಲ್ಲಿ ಬಂದು ಮಹಾನವಮಿ ನೋಡಿ ಬರೆದಿಟ್ಟ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಎಲ್ಲವನ್ನೂ ಆ ಒಂದು ಗೋಡೆಯ ಮುಂದೆ ನಿಂತೇ ಹೇಳಬಹುದು. ಅಲ್ಲಿಂದ ಮಹಾನವಮಿ ದಿಬ್ಬಕ್ಕೆ ಕರೆದುಕೊಂಡು ಹೋದರೆ ಅವರು ತಾವಾಗಿಯೇ ಪ್ರಶ್ನೆ ಕೇಳಲು ಶುರು ಮಾಡುತ್ತಾರೆ.

ಇಷ್ಟು ಹೇಳಲು ಓದು ಬೇಕು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಪ್ರಕಟಣಾ ವಿಭಾಗವಾದ ಪ್ರಸಾರಾಂಗದಲ್ಲಿ ಶಾಸನ, ಸ್ಥಳೀಯ ಇತಿಹಾಸದ ಪುಸ್ತಕಗಳು ಸಿಗುತ್ತವೆ, ಅಲ್ಲಿಂದ ಶುರು ಮಾಡಿ. ಕಮಲಾಪುರದ ಮ್ಯೂಸಿಯಂನಲ್ಲಿ ಇಡೀ ಹಂಪಿಯ ಮಾದರಿ ಇಟ್ಟಿದ್ದಾರೆ, ನಕ್ಷೆ ತಲೆಯಲ್ಲಿ ಕೂರುವ ತನಕ ಅದರ ಸುತ್ತ ಓಡಾಡಿ. ಹಾಗೇ, ಕೇಳಿದ ಕಥೆಯನ್ನು ಇತಿಹಾಸ ಅಂತ ಹೇಳಬೇಡಿ. ವಿಠ್ಠಲ ದೇವಸ್ಥಾನದ, ತಟ್ಟಿದರೆ ಸ್ವರ ಬರುವ ಕಂಬ ಕೊಯ್ದು, ದನಿ ಎಲ್ಲಿಂದ ಅಂತ ಬ್ರಿಟಿಷರು ಒಳಗೆ ನೋಡಿದರು ಅನ್ನುವ ಮಾತು ನಿಮಗೂ ಗೊತ್ತಿರುತ್ತದೆ. ಹೇಳಿ, ಬೇಡ ಅನ್ನುವುದಿಲ್ಲ, ಆದರೆ ಇದು ಜನ ಹೇಳುವ ಕಥೆ ಅಂತ ಸೇರಿಸಿ ಹೇಳಿ. ಇತಿಹಾಸ ಓದಿಕೊಂಡ ಒಬ್ಬರು ಪಾರ್ಟಿಯಲ್ಲಿದ್ದರೂ ಸಾಕು, ಒಂದು ಸುಳ್ಳಿಗೆ ಇಡೀ ದಿನದ ನಂಬಿಕೆ ಹೋಗುತ್ತದೆ. ಆ ಸಂಗೀತದ ಕಂಬಗಳನ್ನು ಬಾರಿಸಿ ತೋರಿಸಿ ಅಂತ ಎಷ್ಟೇ ಒತ್ತಾಯ ಮಾಡಿದರೂ ಮುಟ್ಟಬೇಡಿ, ಮುಟ್ಟಲು ಬಿಡಬೇಡಿ.

ಈಗ ದುಡ್ಡಿನ ಲೆಕ್ಕ

ಗೈಡ್ ಶುಲ್ಕ ಸಾಮಾನ್ಯವಾಗಿ ಹಾಫ್ ಡೇ, ಫುಲ್ ಡೇ ಅಂತ ಇರುತ್ತದೆ. ಜನ ಜಾಸ್ತಿ ಇದ್ದರೆ ಶುಲ್ಕವೂ ಜಾಸ್ತಿ. ವಿದೇಶಿ ಭಾಷೆಯಲ್ಲಿ ಹೇಳಿದರೆ ಅದಕ್ಕೆ ಬೇರೆ, ಊರು ಬಿಟ್ಟು ರಾತ್ರಿ ಉಳಿಯಬೇಕಾದರೆ ಅದಕ್ಕೂ ಬೇರೆ. ನಿಮ್ಮ ಜಾಗದ ದರವನ್ನು ಇಲಾಖೆಯಲ್ಲೇ ಕೇಳಿಕೊಳ್ಳಿ. ಲೆಕ್ಕ ಹಾಕುವ ರೀತಿ ತೋರಿಸಲು ಸುಮ್ನೆ ಫುಲ್ ಡೇಗೆ 2,500, ಹಾಫ್ ಡೇಗೆ 1,500 ರೂಪಾಯಿ ಎಂದು ಇಟ್ಟುಕೊಳ್ಳೋಣ.

ಹಂಪಿಯ ಸೀಸನ್ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ, ಐದು ತಿಂಗಳು. ತಿಂಗಳಿಗೆ 18 ಫುಲ್ ಡೇ ಸಿಕ್ಕರೆ 90 ದಿನ, 2,25,000 ರೂಪಾಯಿ. ಉಳಿದ ಏಳು ತಿಂಗಳು ಬಿಸಿಲು, ಮಳೆ. ಏಪ್ರಿಲ್–ಮೇನಲ್ಲಿ ಆ ಬಂಡೆಗಳ ನಡುವೆ ಮಧ್ಯಾಹ್ನ ನಿಲ್ಲುವುದೇ ಕಷ್ಟ, ಬರುವವರು ತೀರಾ ಕಡಿಮೆ. ತಿಂಗಳಿಗೆ ಐದು ಹಾಫ್ ಡೇ ಅಂದುಕೊಂಡರೆ 35 ದಿನ, 52,500. ಒಟ್ಟು 2,77,500. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 23,125 ರೂಪಾಯಿ. ಇದರಲ್ಲೇ ಪೆಟ್ರೋಲ್, ಫೋನ್, ಬಟ್ಟೆ, ಚಪ್ಪಲಿ ಎಲ್ಲ ಆಗಬೇಕು. ದಿನಕ್ಕೆ 2,500 ಅಂದಾಗ ಕಂಡದ್ದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ಅಲ್ವಾ? ಅದಕ್ಕೇ ಸೀಸನ್‌ನಲ್ಲಿ ಬಂದ ದುಡ್ಡಿನಲ್ಲಿ ಬೇಸಿಗೆಗೆ ಅಂತ ಒಂದು ಪಾಲು ಬೇರೆ ಖಾತೆಯಲ್ಲಿ ಇಡುವುದನ್ನು ಮೊದಲ ವರ್ಷದಿಂದಲೇ ರೂಢಿ ಮಾಡಿಕೊಳ್ಳಿ. ಟಿಪ್ಸ್ ಬಂದರೆ ಬರಲಿ, ಲೆಕ್ಕಕ್ಕೆ ಹಿಡಿಯಬೇಡಿ.

ಅಂಗಡಿ ಕಮಿಷನ್ ವಿಷಯ ಹೇಳಲೇಬೇಕು. ಪಾರ್ಟಿಯನ್ನು ಅಂಗಡಿಗೆ ಕರೆದುಕೊಂಡು ಹೋದರೆ ಗೈಡ್‌ಗೆ ಇಷ್ಟು ಅಂತ ಕೊಡುವ ಪದ್ಧತಿ ಎಲ್ಲ ಪ್ರವಾಸಿ ಊರುಗಳಲ್ಲೂ ಇದೆ. ಇದಕ್ಕೆ ಕೈ ಹಾಕಬೇಡಿ ಅನ್ನುವುದೇ ನನ್ನ ಸಲಹೆ. ಬಂದವರಿಗೆ ಇದು ಗೊತ್ತಾಗಿಯೇ ಆಗುತ್ತದೆ, ಗೊತ್ತಾದ ಮೇಲೆ ಅವರು ನಿಮ್ಮ ನಂಬರ್ ಇನ್ನೊಬ್ಬರಿಗೆ ಕೊಡುವುದಿಲ್ಲ. ಗೈಡ್‌ನ ನಿಜವಾದ ಆಸ್ತಿ ಆ ನಂಬರೇ. ಒಳ್ಳೆಯ ಕುಂಬಾರರೋ ನೇಕಾರರೋ ಇದ್ದರೆ ಕಮಿಷನ್ ಇಲ್ಲದೆ ತೋರಿಸಿ, ಹಾಗಂತ ಬಾಯಿಬಿಟ್ಟು ಹೇಳಿ.

ಏಜೆಂಟರ ಮೂಲಕ ಬರುವ ಕೆಲಸಕ್ಕೆ ತಾರೀಖು, ದರ, ದುಡ್ಡು ಯಾವಾಗ ಕೊಡುತ್ತಾರೆ ಎಂಬುದನ್ನು ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಬಾಯಿಮಾತು ಸಾಲದು.

ಆದಾಯ ಏರುವುದು ಎಲ್ಲಿ?

ಭಾಷೆಯಲ್ಲಿ. ಕನ್ನಡ, ಹಿಂದಿ, ಇಂಗ್ಲಿಷ್ ಇದ್ದೇ ಇರಬೇಕು. ಹಂಪಿಗೆ ತೆಲುಗು, ಬಾದಾಮಿ ಕಡೆಗೆ ಮರಾಠಿ ಬಂದರೆ ವಾರಾಂತ್ಯಗಳು ಖಾಲಿ ಹೋಗುವುದಿಲ್ಲ. ವಿದೇಶಿ ಭಾಷೆ ಕಲಿಯುವ ಮನಸ್ಸಿದ್ದರೆ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್, ಅಲಯಾನ್ಸ್ ಫ್ರಾನ್ಸೇಸ್‌ನಲ್ಲಿ ಫ್ರೆಂಚ್ ಕಲಿಸುತ್ತಾರೆ. ಎ1, ಅಂದರೆ ಮೊದಲ ಹಂತ ಮುಗಿಸಿದರೆ ನಮಸ್ಕಾರ, ಊಟ, ಲೆಕ್ಕ ಮಾತಾಡಬಹುದು ಅಷ್ಟೇ. ದೇವಸ್ಥಾನದ ಮುಂದೆ ನಿಂತು ವಿವರಿಸಬೇಕೆಂದರೆ ನಾಲ್ಕನೇ ಹಂತವಾದ ಬಿ2 ಆದರೂ ಬೇಕು, ಅದಕ್ಕೆ ವರ್ಷಗಳೇ ಹಿಡಿಯುತ್ತವೆ. ಕೆಲಸ ಇಲ್ಲದ ಆ ಬೇಸಿಗೆ ತಿಂಗಳುಗಳು ಇದಕ್ಕೆ ಒದಗುತ್ತವೆ. ಮೇಲಿನ ಲೆಕ್ಕದಲ್ಲೇ 40 ದಿನಕ್ಕೆ ದಿನಕ್ಕೆ 1,500ರಂತೆ ಭಾಷೆಯ ಹಣ ಸೇರಿಸಿದರೂ ವರ್ಷಕ್ಕೆ 60,000 ಹೆಚ್ಚಾಯಿತು.

ಮುಂದಿನ ಮೆಟ್ಟಿಲುಗಳು

ನಾಲ್ಕೈದು ವರ್ಷ ಒಂದೇ ಜಾಗದಲ್ಲಿ ಮಾಡಿದ ಮೇಲೆ ರಾಜ್ಯ ಸುತ್ತುವ ಗೈಡ್ ಆಗಬಹುದು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿಗೆ ಸೇರಿವೆ, ಹಂಪಿ 1986ರಿಂದ, ಪಟ್ಟದಕಲ್ಲು 1987ರಿಂದ ಇವೆ. ಇವೆಲ್ಲವನ್ನೂ ಒಂದೇ ಪ್ರವಾಸದಲ್ಲಿ ಜೋಡಿಸಿ ಹೇಳಬಲ್ಲವರಿಗೆ ಒಂದು ಪಾರ್ಟಿ ಸಿಕ್ಕರೆ ವಾರವಿಡೀ ಕೆಲಸ. ಇನ್ನೊಂದು ದಾರಿ ಟೂರ್ ಮ್ಯಾನೇಜರ್ ಕೆಲಸ. ಇಲ್ಲಿ ಇತಿಹಾಸ ಹೇಳುವುದಕ್ಕಿಂತ ಹೋಟೆಲು, ಬಸ್ಸು, ಊಟ, ಮಾತ್ರೆ ನುಂಗಲು ಮರೆಯುವ ಹಿರಿಯರು, ಇವರನ್ನೆಲ್ಲ ನೋಡಿಕೊಳ್ಳುವುದೇ ಜಾಸ್ತಿ. ಕನ್ನಡದ ಗುಂಪುಗಳನ್ನು ಕಾಶಿಗೆ, ಯುರೋಪಿಗೆ ಕರೆದುಕೊಂಡು ಹೋಗುವ ಕಂಪನಿಗಳಿಗೆ ಕನ್ನಡ ಬಲ್ಲ ಮ್ಯಾನೇಜರ್‌ಗಳು ಬೇಕಾಗುತ್ತಾರೆ. ಪಾಸ್‌ಪೋರ್ಟ್ ಮಾಡಿಸಿಟ್ಟುಕೊಳ್ಳಿ.

ತಿಂಗಳ ಸಂಬಳವೇ ಬೇಕು, ಕಾಡು ಇಷ್ಟ ಅನ್ನುವವರು ನ್ಯಾಚುರಲಿಸ್ಟ್, ಅಂದರೆ ಕಾಡು, ಪ್ರಾಣಿ, ಪಕ್ಷಿ ತೋರಿಸಿ ವಿವರಿಸುವ ಕೆಲಸ ನೋಡಬಹುದು. ಕಬಿನಿಯಂಥ ಕಡೆ ಸರ್ಕಾರದ ಜಂಗಲ್ ಲಾಡ್ಜಸ್‌ನಲ್ಲೂ ಖಾಸಗಿ ರೆಸಾರ್ಟ್‌ಗಳಲ್ಲೂ ಇಂಥವರು ಬೇಕು. ಹಕ್ಕಿಯ ದನಿ, ಹೆಜ್ಜೆ ಗುರುತು, ಮರದ ಹೆಸರು ಗೊತ್ತಿರಬೇಕು. ಕಾಡಂಚಿನ ಊರಿನ ಹುಡುಗರಿಗೆ, ಹುಡುಗಿಯರಿಗೆ ಇದರಲ್ಲಿ ಅರ್ಧ ಪಾಠ ಮನೆಯಲ್ಲೇ ಆಗಿರುತ್ತದೆ.

ಸ್ವಂತ ಏಜೆನ್ಸಿ ಅಥವಾ ಹೆರಿಟೇಜ್ ವಾಕ್ ಶುರು ಮಾಡುವವರು ಮೊದಲ ದಿನದಿಂದಲೇ ಲೆಕ್ಕ ಬರೆಯಿರಿ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಹೋಟೆಲ್, ಗಾಡಿ ಎಲ್ಲವನ್ನೂ ನಿಮ್ಮ ಬಿಲ್ಲಿನಲ್ಲೇ ತೋರಿಸಿದರೆ ಆ ಮಿತಿ ಅಂದುಕೊಂಡದ್ದಕ್ಕಿಂತ ಬೇಗ ಬರುತ್ತದೆ. ಹಾಗಾಗಿ ಬಿಲ್ ಹೇಗೆ ಮಾಡಬೇಕೆಂದು ಮೊದಲ ಸೀಸನ್‌ಗೆ ಮುಂಚೆಯೇ ಒಬ್ಬ ಆಡಿಟರ್ ಹತ್ತಿರ ಕೂತು ಕೇಳಿಕೊಳ್ಳಿ.